ಅಲ್ಪುಹಾರಾ ಬೆಟ್ಟದ ಹಳ್ಳಿಗಳಿಗೆ ಅಪ್ಪ ಅಮ್ಮನ ಜೊತೆ: ಹೋಗಿ ಬಂದವರು ಹೇಳಿ

ನಾವು ಮ್ಯೂನಿಕ್‌ನಲ್ಲಿದ್ದೇವೆ. ಅಕ್ಟೋಬರ್‌ನಲ್ಲಿ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ. ಸ್ಪೇನಿನ ಗ್ರಾನಾಡಾದಲ್ಲಿ ಅಲ್ಹಾಂಬ್ರಾ ನೋಡಿ, ಒಂದು ದಿನ ಅಲ್ಪುಹಾರಾದ ಹಳೇ ಹಳ್ಳಿಗಳಿಗೆ ಹೋಗಿ ಬರೋಣ ಅಂತಿದ್ದೇವೆ. ಅಮ್ಮನಿಗೆ ಮಂಡಿ ನೋವು. ಮೊಟ್ಟೆ ತಿನ್ನುತ್ತೇವೆ, ಮಾಂಸ ಇಲ್ಲ. ಯಾವ ಹಳ್ಳಿ? ಕಾರು ಬೇಕಾ, ಬಸ್ಸು ಸಾಕಾ?

*

ಮೊದಲು ಆ "ಒಂದು ದಿನ ಹೋಗಿ ಬರೋಣ" ಬಿಟ್ಟುಬಿಡಿ. ಒಂದು ರಾತ್ರಿಯಾದರೂ ಉಳಿಯಿರಿ. ನಾವು ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆವು. ಗ್ರಾನಾಡಾದಿಂದ ಬಸ್ಸಿಗೆ ಸುಮಾರು ಎರಡು ಗಂಟೆ. ಓರ್ಹಿವಾ ಊರು ದಾಟಿದ ಮೇಲೆ ಬರೀ ತಿರುವು. ಅತ್ತೆಗೆ ಹೊಟ್ಟೆ ತೊಳಸಿ, ಇಳಿದ ಮೇಲೆ ಅರ್ಧ ಗಂಟೆ ಕಲ್ಲು ಬೆಂಚಿನ ಮೇಲೆ ಕೂತಿದ್ದರು. ಮುಂದಿನ ಸೀಟು ಹಿಡಿಯಿರಿ. ಅದೇ ದಿನ ಅದೇ ತಿರುವುಗಳಲ್ಲಿ ವಾಪಸ್ ಅಂದರೆ ವಯಸ್ಸಾದವರಿಗೆ ಶಿಕ್ಷೆ.

ಪೊಕೆಯ್ರಾ ಕಣಿವೆಯ ಒಂದೇ ಇಳಿಜಾರಿನಲ್ಲಿ ಮೂರು ಹಳ್ಳಿ. ಕೆಳಗೆ ಪಂಪನೆಯ್ರಾ, ನಡುವೆ ಬುಬಿಯೋನ್, ಮೇಲೆ ಕಪಿಲೆಯ್ರಾ. ಕೆಳಗಿನದೇ ಸಾವಿರ ಮೀಟರ್ ಎತ್ತರ, ಮೇಲಿನದು 1,400 ದಾಟುತ್ತದೆ. ಎಲ್ಲರೂ ಕಪಿಲೆಯ್ರಾದಿಂದ ಕೆಳಕ್ಕೆ ನಡೆಯಿರಿ ಅನ್ನುತ್ತಾರೆ. ಇಳಿಯುವುದೇ ಅಲ್ವಾ ಅಂದುಕೊಳ್ಳಬೇಡಿ, ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಮೇಲಾಗಿ ಉರುಟು ಕಲ್ಲಿನ ದಾರಿ. ನೀವು ನಡೆಯಿರಿ, ಅಮ್ಮ ಬಸ್ಸಿನಲ್ಲಿ ಬರಲಿ. ಬಸ್ಸುಗಳು ಕಡಿಮೆ, ಸಮಯ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.

ಉಳಿಯಲು ನನ್ನ ಓಟು ಬುಬಿಯೋನ್‌ಗೆ. ಅಂಗಡಿ ಕಡಿಮೆ, ಗದ್ದಲ ಕಡಿಮೆ. ಚರ್ಚಿನ ಪಕ್ಕದಲ್ಲೇ ಹಳೇ ಮನೆಯೊಂದನ್ನು ಇದ್ದ ಹಾಗೇ ಮ್ಯೂಸಿಯಂ ಮಾಡಿದ್ದಾರೆ. ಅದರ ಸೂರು ನೋಡಿ ಅತ್ತೆ ನಿಂತೇಬಿಟ್ಟರು. ಚೆಸ್ಟ್‌ನಟ್ ಮರದ ತೊಲೆ, ಅದರ ಮೇಲೆ ಕಲ್ಲಿನ ಚಪ್ಪಡಿ, ಅದರ ಮೇಲೆ "ಲೌನಾ" ಅನ್ನುವ ಬೂದು ಮಣ್ಣು. ಮಳೆ ಬಿದ್ದರೆ ಆ ಮಣ್ಣು ಬಿಗಿದುಕೊಂಡು ನೀರು ಒಳಗೆ ಬಿಡುವುದಿಲ್ಲ. "ನಮ್ಮ ಚಳ್ಳಕೆರೆ ಮಾಳಿಗೆ ಮನೆ ಕಣೇ ಇದು" ಅಂದರು. ಅಲ್ಲಿಂದ ಮುಂದೆ ಅವರೇ ನಮಗೆ ಗೈಡ್.

ಇತಿಹಾಸ ಸ್ವಲ್ಪ ತಿಳಿದು ಹೋದರೆ ಊರು ಬೇರೆಯೇ ಕಾಣುತ್ತದೆ. 1492ರಲ್ಲಿ ಮುಸ್ಲಿಂ ಸುಲ್ತಾನರ ಗ್ರಾನಾಡಾ ಕ್ರೈಸ್ತ ರಾಜರ ವಶವಾದ ಮೇಲೆ ಮುಸ್ಲಿಮರನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿದರು. ಅವರ ಭಾಷೆ, ಉಡುಪು ಎಲ್ಲಕ್ಕೂ ನಿಷೇಧ ಬಂತು. 1568ರ ಕೊನೆಗೆ ಈ ಬೆಟ್ಟಗಳಲ್ಲೇ ದಂಗೆ ಎದ್ದಿತು. ಸೋತವರನ್ನು ಊರು ಬಿಡಿಸಿ, ಉತ್ತರದಿಂದ ಹೊಸಬರನ್ನು ತಂದು ಕೂರಿಸಿದರು. ಹೊಸಬರಿಗೆ ಕಾಲುವೆ ನೀರು ತಿರುಗಿಸುವುದು ಕಲಿಸಲಿ ಅಂತ ಊರಿಗೆ ಎರಡು ಹಳೇ ಕುಟುಂಬ ಉಳಿಸಿಕೊಂಡರು ಅಂತ ಹೇಳುತ್ತಾರೆ. ಆ ಕಾಲುವೆಗಳಿಗೆ ಈಗಲೂ ಅರಬ್ಬಿ ಮೂಲದ ಹೆಸರೇ, "ಅಸೇಕಿಯಾ". ಸಂಜೆ ಟೂರ್ ಬಸ್ಸುಗಳು ಹೋದ ಮೇಲೆ ಅದರ ನೀರಿನ ಸದ್ದು ಕೇಳುತ್ತದೆ. ರಾತ್ರಿ ಉಳಿಯಿರಿ ಅಂದದ್ದು ಅದಕ್ಕೇ.

ಊಟದಲ್ಲಿ ನಾವು ಏಮಾರಿದೆವು. ನಾಲ್ಕು ಗಂಟೆಗೆ ಹಸಿದು ಹೋದರೆ ಅಡುಗೆಮನೆ ಮುಚ್ಚಿತ್ತು, ಮತ್ತೆ ತೆಗೆದದ್ದು ರಾತ್ರಿ ಎಂಟೂವರೆಗೆ. ಬ್ರೆಡ್ಡು, ಚೀಸ್ ತಿಂದು ಕೂತೆವು. ಇನ್ನೊಂದು ವಿಷಯ, "ಸಿನ್ ಕಾರ್ನೆ" (ಮಾಂಸ ಬೇಡ) ಅಂದರೆ ಸಾಲದು. ಹಾಗೆ ಹೇಳಿದ ಮೇಲೂ ಹುರುಳಿಕಾಯಿ ಪಲ್ಯದಲ್ಲಿ ಹಂದಿಮಾಂಸದ ಚೂರು ಬಂತು. "ಸಿನ್ ಹಾಮೋನ್" (ಉಪ್ಪು ಹಚ್ಚಿ ಒಣಗಿಸಿದ ಹಂದಿ ತೊಡೆ ಬೇಡ) ಅಂತ ಬೇರೆಯಾಗಿ ಹೇಳಿ. "ಪಾಪಾಸ್ ಅ ಲೋ ಪೋಬ್ರೆ" ಕೇಳಿ. ಆಲೂಗಡ್ಡೆ, ದೊಣ್ಣೆಮೆಣಸಿನಕಾಯಿ, ಈರುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿರುತ್ತಾರೆ, ಮೇಲೆ ಕರಿದ ಮೊಟ್ಟೆ. ಹೋಟೆಲುಗಳಲ್ಲಿ ತಲೆ ಮೇಲೆ ಸಾಲಾಗಿ ಹಂದಿ ತೊಡೆ ತೂಗುತ್ತಿರುತ್ತದೆ, ಅಪ್ಪನಿಗೆ ಮೊದಲೇ ಹೇಳಿಟ್ಟಿರಿ. ಆ ಕಾರಣಕ್ಕೆ ಅದೇ ಬೆಟ್ಟಗಳ ತ್ರೆವೆಲೆಸ್ ಹಳ್ಳಿ ಬಿಡಬಹುದು, ಆ ಊರಿನ ಹೆಸರು ಹೋಗಿರುವುದೇ ಹಾಮೋನ್‌ಗೆ.

*

ಮೇಲೆ ಹೇಳಿದ್ದೆಲ್ಲ ಸರಿ, ಆದರೆ ಮಂಡಿ ನೋವು ಜಾಸ್ತಿ ಇದ್ದರೆ ಕರಾವಳಿಯ ಕಡೆ ಫ್ರಿಹಿಲಿಯಾನಾ ನೋಡಿ. ಎತ್ತರ ಸುಮಾರು 300 ಮೀಟರ್. ನೆರ್ಹಾ ಊರಿನಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತು. ಮೆಟ್ಟಿಲು ಅಲ್ಲೂ ಇದೆ, ಆದರೆ ದಾರಿ ಸುಲಭ. ಮೇಲೆ ಹೇಳಿದ ದಂಗೆಯಲ್ಲೇ 1569ರಲ್ಲಿ ಅಲ್ಲಿ ನಡೆದ ಯುದ್ಧದ ಕಥೆಯನ್ನು ಹಳೇ ಕೇರಿಯ ಗೋಡೆಗಳಲ್ಲಿ ಹಂಚಿನ ಫಲಕಗಳಲ್ಲಿ ಬರೆದಿದ್ದಾರೆ. ಕಬ್ಬಿನ ಹಾಲು ಕಾಯಿಸಿ ಪಾಕ ಮಾಡುವ ಹಳೇ ಕಾರ್ಖಾನೆಯೂ ಅಲ್ಲಿದೆ. ಕರಿದ ಬದನೆಕಾಯಿ ಮೇಲೆ ಆ ಪಾಕ ಸುರಿದು ಕೊಡುತ್ತಾರೆ. ಬದನೆ ಬಜ್ಜಿಗೆ ಜೋನಿಬೆಲ್ಲ! ನಮ್ಮಪ್ಪ ಎರಡು ತಟ್ಟೆ ತಿಂದರು.

ಕಾರು ತಗೊಂಡರೆ ಊರ ಹೊರಗೇ ನಿಲ್ಲಿಸಿ. ನಾನು ಮ್ಯಾಪ್ ನಂಬಿ ಓಣಿಗೆ ನುಗ್ಗಿಸಿ, ಕನ್ನಡಿ ಕೆರೆಸಿಕೊಂಡು, ರಿವರ್ಸಿನಲ್ಲೇ ಹೊರಬಂದೆ. ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತು ಕೈಸನ್ನೆಯಲ್ಲೇ ದಾರಿ ತೋರಿಸಿದರು.

*

ಪಂಪನೆಯ್ರಾದ ಚರ್ಚಿನ ಹತ್ತಿರ ಒಂದು ನೀರಿನ ನಲ್ಲಿ ಇದೆ. ಮದುವೆ ಆಗಬೇಕು ಅಂತ ಮನಸ್ಸಿಟ್ಟು ಬ್ರಹ್ಮಚಾರಿ ಕುಡಿದರೆ ತಕ್ಷಣ ಹುಡುಗಿ ಸಿಗುತ್ತಾಳೆ ಅಂತ ಅದರ ಮೇಲೆ ಬರೆದಿದೆ. ತಮ್ಮನಿಗೆ ಎರಡು ಲೋಟ ಕುಡಿಸಿ ಮೂರು ವರ್ಷ ಆಯಿತು. ನೀರು ಮಾತ್ರ ತುಂಬಾ ತಣ್ಣಗಿತ್ತು.