ಅಪ್‌ಡೇಟ್: ಹೆಲಿಕಲ್ ಗೇರ್ ಕೊನೆಗೂ ಸರಿಯಾಯ್ತು

ಹೋದ ವಾರ ಕೇಳಿದ್ದೆನಲ್ಲ, ಸಾಲಿಡ್‌ವರ್ಕ್ಸ್ ಅನ್ನೋ 3ಡಿ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಮಾಡಿದ 20 ಮತ್ತು 40 ಹಲ್ಲಿನ ಎರಡು ಹೆಲಿಕಲ್ ಗೇರ್ (ಹಲ್ಲು ಓರೆಯಾಗಿರುವ ಗೇರ್) ಒಂದರೊಳಗೊಂದು ಕೂರುತ್ತಿಲ್ಲ ಅಂತ. ಈಗ ಸರಿಯಾಗಿದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೊದಲ ತಪ್ಪು ವ್ಯಾಸದ್ದು. ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 2 ಅಂತ ಸುಮ್ನೆ ಹಲ್ಲಿನ ಸಂಖ್ಯೆ 20ರಿಂದ ಗುಣಿಸಿ 40 ಮಿ.ಮೀ. ಇಟ್ಟಿದ್ದೆ. ಆದರೆ ಅದು ಹಲ್ಲಿಗೆ ಲಂಬವಾಗಿ ಅಳೆಯುವ ಮಾಡ್ಯೂಲ್. ಸ್ಕೆಚ್ ಇರುವುದು ಗೇರಿನ ಮುಖದ ಮೇಲೆ ಅಲ್ವಾ, ಹಾಗಾಗಿ ಅದನ್ನು ಕಾಸ್ 20 ಡಿಗ್ರಿಯಿಂದ (ನನ್ನ ಹಲ್ಲಿನ ಓರೆ 20 ಡಿಗ್ರಿ) ಭಾಗಿಸಬೇಕು. ಆಗ ಚಿಕ್ಕ ಗೇರಿನ ಪಿಚ್ ವ್ಯಾಸ (ಎರಡು ಗೇರ್ ಸೇರುವ ವೃತ್ತದ ವ್ಯಾಸ) 42.57, ಎರಡು ಶಾಫ್ಟ್‌ಗಳ ನಡುವಿನ ದೂರ 60 ಅಲ್ಲ, 63.85 ಮಿ.ಮೀ.

ಎರಡನೆಯದು ಲಾಫ್ಟ್, ಅಂದ್ರೆ ಎರಡು ಸ್ಕೆಚ್‌ಗಳನ್ನು ಸೇರಿಸಿ ಘನಾಕಾರ ಮಾಡುವ ಕಮಾಂಡ್. ಎರಡು ಮುಖಗಳ ಸ್ಕೆಚ್ ತಿರುಗಿಸಿ ಜೋಡಿಸಿದ್ದೆ, ಆದರೆ ಅದು ನೇರ ಗೆರೆಯಲ್ಲಿ ಸೇರಿಸುವುದರಿಂದ 25 ಮಿ.ಮೀ. ಅಗಲದ ನಟ್ಟನಡುವೆ ಹಲ್ಲು ಸುಮಾರು ಅರ್ಧ ಮಿ.ಮೀ. ಒಳಗೆ ಕುಸಿದಿತ್ತು, ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಈಗ ನೇರ ದಾರಿಯಲ್ಲಿ ಸ್ವೀಪ್ ಮಾಡಿ (ಒಂದೇ ಸ್ಕೆಚ್ ಅನ್ನು ದಾರಿಯುದ್ದಕ್ಕೂ ಎಳೆದು) ಚಿಕ್ಕ ಗೇರಿಗೆ 24.5 ಡಿಗ್ರಿ ಟ್ವಿಸ್ಟ್ ಕೊಟ್ಟೆ. ದೊಡ್ಡ ಗೇರಿಗೆ ಅದರ ಅರ್ಧ, ಅದೂ ಎದುರು ದಿಕ್ಕಿಗೆ. ಮೊದಲು ಎರಡನ್ನೂ ಬಲಕ್ಕೇ ತಿರುಗಿಸಿದ್ದೆ, ಸಮಾನಾಂತರ ಶಾಫ್ಟ್‌ಗಳಿಗೆ ಒಂದು ಬಲ, ಒಂದು ಎಡ ಇರಲೇಬೇಕು.

ಇಂಟರ್‌ಫಿಯರೆನ್ಸ್ ಚೆಕ್ ಮಾಡಿದೆ, ಎಲ್ಲೂ ಒಂದರೊಳಗೊಂದು ನುಗ್ಗುತ್ತಿಲ್ಲ. ತುಂಬಾ ಖುಷಿಯಾಯ್ತು.