ಡಿಲಿಂಜರ್ ಎಸ್ಕೇಪ್ ಪ್ಲಾನ್: ಮೊದಲ ಆಲ್ಬಮ್ ಒಂದೇ ಸಾಕಾ?

ಗಿಟಾರ್_ಗೀಳು: ನನಗೆ ಮ್ಯಾಥ್‌ಕೋರ್ (ಲಯ ತಟ್ಟನೆ ಬದಲಾಗುತ್ತಲೇ ಇರುವ ಅಬ್ಬರದ ರಾಕ್) ಅಂದರೆ ಡಿಲಿಂಜರ್ ಎಸ್ಕೇಪ್ ಪ್ಲಾನ್ ಬ್ಯಾಂಡಿನ ಮೊದಲ ಆಲ್ಬಮ್, 1999ರ 'ಕ್ಯಾಲ್ಕ್ಯುಲೇಟಿಂಗ್ ಇನ್ಫಿನಿಟಿ'. ಅಮೆರಿಕದ ನ್ಯೂಜೆರ್ಸಿಯ ಈ ಹುಡುಗರು ಹಾರ್ಡ್‌ಕೋರ್ ಪಂಕ್‌ನ ಸಿಟ್ಟಿಗೆ ಜಾಜ್‌ನ ಲೆಕ್ಕ ಬೆರೆಸಿದರು. 40 ನಿಮಿಷವೂ ಇಲ್ಲ, ಮುಗಿದಾಗ ಉಸಿರು ಕಟ್ಟಿರುತ್ತದೆ. ಆಮೇಲೆ ಗಾಯಕ ಬದಲಾದ, ಬ್ಯಾಂಡ್ ಮೆತ್ತಗಾಯಿತು. ಒಪ್ಪುತ್ತೀರಾ?

ಹಳೆ_ಕ್ಯಾಸೆಟ್: ಮೊದಲಿಗರು ಅನ್ನುವ ಪಟ್ಟ ಅವರೊಬ್ಬರಿಗೇ ಕೊಡಬೇಡಿ. ಅಮೆರಿಕದ್ದೇ ಆದ ಟಕೋಮಾ ಊರಿನ ಬಾಚ್ ಬ್ಯಾಂಡ್ 1993ರಿಂದಲೇ ಇತ್ತು. ಅವರ 'ವಿ ಆರ್ ದ ರೋಮನ್ಸ್' ಆಲ್ಬಮ್ ಬಂದಿದ್ದೂ 1999ರಲ್ಲೇ. ನ್ಯೂಜೆರ್ಸಿಯಲ್ಲೇ ಡೆಡ್‌ಗೈ ಬ್ಯಾಂಡ್ 1995ರಲ್ಲಿ ದಾರಿ ಮಾಡಿಕೊಟ್ಟಿತ್ತು.

ಮೃದಂಗ_ಕಲಿತವಳು: ಯಾರು ಮೊದಲು ಅನ್ನುವುದಕ್ಕಿಂತ ಏನು ಮಾಡಿದರು ನೋಡಿ. ನಮ್ಮ ಮಿಶ್ರ ಛಾಪು ತಾಳದಲ್ಲಿ 7 ಅಕ್ಷರ. ಒಮ್ಮೆ ಕೈಗೆ ಕೂತರೆ ಸಮ ಎಲ್ಲಿ ಬೀಳುತ್ತದೆ ಅಂತ ಮೈಗೇ ಗೊತ್ತಾಗುತ್ತದೆ. ಆ ಆಲ್ಬಮ್ಮಿನ '43% ಬರ್ನ್ಟ್' ಹಾಡು ಕೇಳುವಾಗ ಎಷ್ಟೋ ಸಲ ನನ್ನ ಕೈ ತಪ್ಪಿತು. ಏಟು, ಸ್ವಲ್ಪ ಮೌನ, ಮತ್ತೆ ಏಟು. ನಾವು ಕಾಯುವ ಜಾಗದಲ್ಲಿ ಅದು ಬೀಳುವುದೇ ಇಲ್ಲ. ಆದರೂ ಕ್ರಿಸ್ ಪೆನ್ನಿಯ ಡ್ರಮ್ಸ್ ಮತ್ತು ಗಿಟಾರ್ ಕೂದಲೆಳೆಯಷ್ಟೂ ಬಿಟ್ಟುಹೋಗುವುದಿಲ್ಲ. ಎಷ್ಟು ಅಭ್ಯಾಸ ಬೇಕು, ಅಲ್ವಾ?

ಗಿಟಾರ್_ಗೀಳು: ಅದೇ ನಾನು ಹೇಳಿದ್ದು! ಬಾಸ್ ಗಿಟಾರ್ ನುಡಿಸುತ್ತಿದ್ದ ಆಡಮ್ ಡಾಲ್ ಕಾರು ಅಪಘಾತದಲ್ಲಿ ಪೆಟ್ಟು ತಿಂದು ನುಡಿಸಲಾಗದೆ ಹೋದ. ಗಿಟಾರಿಸ್ಟ್ ಬೆನ್ ವೈನ್‌ಮನ್ ಬಾಸ್ ಕೂಡ ತಾನೇ ನುಡಿಸಿ ಆಲ್ಬಮ್ ಮುಗಿಸಿದ. ಆ ನೋವೂ ಅದರಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಮಳೆಹುಳು: ಮೆತ್ತಗಾಯಿತು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. 2002ರಲ್ಲಿ ಫೇತ್ ನೋ ಮೋರ್ ಬ್ಯಾಂಡಿನ ಗಾಯಕ ಮೈಕ್ ಪ್ಯಾಟನ್ ಜೊತೆ 4 ಹಾಡಿನ ಇಪಿ (ಪುಟ್ಟ ಆಲ್ಬಮ್) ಮಾಡಿದರು. ಗದ್ದಲದ ನಡುವೆ ಗಾಯಕ ಎಷ್ಟು ಬಗೆಯ ದನಿ ತರಬಹುದು ಅಂತ ಅಲ್ಲಿ ಗೊತ್ತಾಯಿತು. 2004ರ 'ಮಿಸ್ ಮಷೀನ್' ಆಲ್ಬಮ್ಮಿನಲ್ಲಿ ಹೊಸ ಗಾಯಕ ಗ್ರೆಗ್ ಪುಚಾಟೊ ಅದನ್ನು ಮುಂದಕ್ಕೆ ಒಯ್ದ. ಕಿರುಚುತ್ತಿದ್ದವನು ತಟ್ಟನೆ ಹಾಡಿದರೆ ಎದೆ ಜಾಸ್ತಿ ನಡುಗುತ್ತದೆ. ಮೊದಲ ಆಲ್ಬಮ್ಮನ್ನೇ ಇನ್ನೈದು ಸಲ ಮಾಡಿದ್ದರೆ ತಮ್ಮನ್ನೇ ನಕಲು ಮಾಡಿದಂತಾಗುತ್ತಿತ್ತು.

ಹಳೆ_ಕ್ಯಾಸೆಟ್: ಇದು ಸರಿ. ಬಾಚ್ 2002ರಲ್ಲೇ ಒಡೆದುಹೋಯಿತು. ಡಿಲಿಂಜರ್‌ನವರು ಜನ ಬದಲಾದರೂ 6 ಆಲ್ಬಮ್ ಮಾಡಿದರು. ಕೊನೆತನಕ ಉಳಿದವನು ವೈನ್‌ಮನ್ ಒಬ್ಬನೇ. 2017ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ತಾವೇ ನಿಲ್ಲಿಸಿದರು.

ಗಿಟಾರ್_ಗೀಳು: 2024ರಲ್ಲಿ ಮತ್ತೆ ವೇದಿಕೆ ಹತ್ತಿದ್ದು ಹಳೆಯ ಗಾಯಕ ದಿಮಿತ್ರಿ ಮಿನಕಾಕಿಸ್ ಜೊತೆಗೇ. ಅದೂ ಮೊದಲ ಆಲ್ಬಮ್ಮಿಗೆ 25 ವರ್ಷ ಆಯಿತು ಅಂತ. ಜನಕ್ಕೆ ಬೇಕಾದದ್ದು ಅದೇ ಅಲ್ವಾ?

ಮಳೆಹುಳು: ಅದು ಬೇಕು, ನನಗೂ ಬೇಕು. ಆದರೆ 2016ರ 'ಡಿಸೊಸಿಯೇಷನ್' ಆಲ್ಬಮ್ಮಿನ ಕೊನೆಯ ಹಾಡು ಕೇಳಿ. ಪಿಟೀಲುಗಳ ಮೇಲೆ ಪುಚಾಟೊ ಹಾಡುತ್ತಾನೆ. ಇವತ್ತು ರಾತ್ರಿ ದೀಪ ಆರಿಸಿ ಒಂದು ಸಲ ಕೇಳಿ, ನಾಳೆ ಬಂದು ಮೆತ್ತಗಿದೆಯಾ ಹೇಳಿ.

ಗಿಟಾರ್_ಗೀಳು: ಸರಿ, ಕೇಳುತ್ತೇನೆ. ನೀವೂ '43% ಬರ್ನ್ಟ್' ಹಾಕಿಕೊಳ್ಳಿ.