ರೀಲಿಸ್ಟಿಂಗ್ ಫೀ: 'ಮರುಪಟ್ಟಿ ಶುಲ್ಕ' ಸರಿಯೇ?

ಎಲ್ಲರಿಗೂ ನಮಸ್ಕಾರ.

ಆನ್‌ಲೈನ್ ಹರಾಜಿನಲ್ಲಿ ಸಾಮಾನು ಮಾರುವವರಿಗೆಂದು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅರ್ಧದವರೆಗೆ ಸಲೀಸಾಗಿ ಬಂದೆ. 'ರೀಲಿಸ್ಟಿಂಗ್ ಫೀ' ಎದುರಾಯಿತು ನೋಡಿ, ನಾಲ್ಕು ದಿನದಿಂದ ಅದೇ ಪುಟದಲ್ಲಿ ಕೂತಿದ್ದೇನೆ.

ವಿಷಯ ಇಷ್ಟೇ. ಒಂದು ವಸ್ತುವನ್ನು ಏಳು ದಿನದ ಹರಾಜಿಗೆ ಇಡುತ್ತೀರಿ. ಯಾರೂ ಕೂಗುವುದಿಲ್ಲ, ಇಲ್ಲವೇ ಕೂಗಿದ ಬೆಲೆ ನೀವು ಗೊತ್ತು ಮಾಡಿದ ಕನಿಷ್ಠ ಬೆಲೆಯನ್ನು ಮುಟ್ಟುವುದಿಲ್ಲ. ಅವಧಿ ಮುಗಿಯುತ್ತದೆ. ಅದನ್ನೇ ಮತ್ತೆ ಇಡುತ್ತೀರಿ. ಮತ್ತೆ ಇಟ್ಟಿದ್ದಕ್ಕೆ ಹರಾಜು ನಡೆಸುವ ಜಾಲತಾಣ ಮತ್ತೆ ದುಡ್ಡು ಕೇಳುತ್ತದೆ. ಆ ದುಡ್ಡಿಗೆ ಕನ್ನಡದಲ್ಲಿ ಏನು ಹೆಸರು?

ಮೊದಲು ಹೊಳೆದದ್ದು 'ಮರುಪಟ್ಟಿ ಶುಲ್ಕ'. ಹರಾಜಿನ ಗಂಧಗಾಳಿ ಇಲ್ಲದ ಒಬ್ಬರಿಗೆ ಓದಿ ಹೇಳಿದೆ. "ಗಾಯದ ಪಟ್ಟಿ ಬದಲಾಯಿಸೋಕೆ ಇಷ್ಟೊಂದಾ?" ಅಂದರು. ಅವರನ್ನು ಅಂದು ಪ್ರಯೋಜನವಿಲ್ಲ. ಪಟ್ಟಿ ಅಂದರೆ ಗಾಯಕ್ಕೆ ಕಟ್ಟುವುದೂ ಹೌದು, ಹೆಸರುಗಳ ಸಾಲೂ ಹೌದು, ಮನೆಮನೆಗೆ ಹೋಗಿ ಎತ್ತುವ ಚಂದಾ ಹಣವೂ ಹೌದು. 'ಮತದಾರರ', 'ಬೆಲೆ' ಅಂತ ಹಿಂದೊಂದು ಪದ ಇದ್ದಾಗ ಗೊಂದಲವಿಲ್ಲ. ಒಂಟಿಯಾಗಿ 'ಮರುಪಟ್ಟಿ' ಅಂದರೆ ಏನೂ ಹೊಳೆಯುವುದಿಲ್ಲ.

'ಮರುಹರಾಜು' ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ, ಕಿವಿಗೂ ಹಿತ. ಆದರೆ ಅದನ್ನು ಕೇಳಿದಾಗ ನನಗೆ ಬೇರೆಯೇ ಚಿತ್ರ ಕಾಣುತ್ತದೆ. ಹಿಂದಿನ ಹರಾಜು ರದ್ದಾಗಿರಬೇಕು, ಇಲ್ಲವೇ ಹರಾಜು ಹಿಡಿದವನು ಹಣ ಕಟ್ಟದೆ ಕೈಕೊಟ್ಟಿರಬೇಕು. ಇಲ್ಲಿ ಯಾರೂ ಕೈಕೊಟ್ಟಿಲ್ಲ. ಸಾಮಾನು ಸುಮ್ನೆ ಬಿಕರಿಯಾಗದೆ ಉಳಿದಿದೆ, ಅಷ್ಟೇ. (ಈ 'ಬಿಕರಿ' ಎಂಥ ಒಳ್ಳೆಯ ಪದ! ಹರಾಜಿನಲ್ಲಿ ಯಾರೂ ಕೊಳ್ಳದ ಆಟಗಾರರ ಬಗ್ಗೆ ಬರೆಯುವಾಗ ಕ್ರೀಡಾ ವರದಿಗಾರರು ಇದನ್ನು ಉಳಿಸಿಕೊಂಡಿದ್ದಾರೆ. 'ಅನ್‌ಸೋಲ್ಡ್' ಅನ್ನುವುದಕ್ಕೆ ನಾನೂ ಅದನ್ನೇ ಹಾಕಿದ್ದೇನೆ.)

ಇನ್ನೊಂದು ತೊಡಕಿದೆ. ಈಬೇಯಂಥ ತಾಣದಲ್ಲಿ ಮತ್ತೆ ಇಡುವುದರಲ್ಲೇ ಮೂರು ಬಗೆ. ಬಿಕರಿಯಾಗದ್ದನ್ನೇ ಇನ್ನೊಮ್ಮೆ ಇಡುವುದು ರೀಲಿಸ್ಟ್. ಹಳೆಯದರ ನಕಲು ತೆಗೆದು ಹೊಚ್ಚಹೊಸದಾಗಿ ಇಡುವುದು 'ಸೆಲ್ ಸಿಮಿಲರ್'. ಮೂರನೆಯದು ತಾನಾಗಿ ನಡೆಯುವಂಥದ್ದು. ನಿಗದಿ ಬೆಲೆಗೆ ಇಟ್ಟ ಸಾಮಾನು ಮಾರಾಟವಾಗುವವರೆಗೆ ತಿಂಗಳು ತಿಂಗಳೂ ಮುಂದುವರಿಯುತ್ತಾ ಹೋಗುತ್ತದೆ. 2019ರ ಮಾರ್ಚ್‌ನಿಂದ ನಿಗದಿ ಬೆಲೆಯ ಮಾರಾಟಕ್ಕೆ ಇದೊಂದೇ ದಾರಿ ಅಂತ ಈಬೇ ಮಾಡಿಬಿಟ್ಟಿತು. 'ಗುಡ್ ಟಿಲ್ ಕ್ಯಾನ್ಸಲ್ಡ್' ಎಂಬ ಅದರ ಇಂಗ್ಲಿಷ್ ಹೆಸರನ್ನು ನಾನು 'ಬೇಡ ಅನ್ನುವವರೆಗೆ' ಎಂದು ತಂದಿದ್ದೇನೆ. ಹೆಸರಿನಲ್ಲೇ ಎಚ್ಚರಿಕೆಯೂ ಇದೆ, ಅಲ್ವಾ? ಬೇಡ ಅನ್ನಲು ಮರೆತವರ ಲೆಕ್ಕಕ್ಕೆ ಪ್ರತಿ ಮುಂದುವರಿಕೆಯೂ ಹೊಸದಾಗಿ ಇಟ್ಟಂತೆಯೇ ಸೇರುತ್ತದೆ. ಉಚಿತವಾಗಿ ಇಡುವ ಮಿತಿ ದಾಟಿದ್ದರೆ ದುಡ್ಡು ಬೀಳುತ್ತದೆ. ಇದಕ್ಕೆ 'ನವೀಕರಣ' ಅಂದರೆ ಸಾಕು. ನನಗೆ ಪದ ಬೇಕಿರುವುದು ಮೊದಲನೆಯದಕ್ಕೆ. ಸದ್ಯಕ್ಕೆ 'ಮತ್ತೆ ಇಡು' ಎಂದು ಬಿಡಿಸಿಯೇ ಬರೆದಿದ್ದೇನೆ. 'ಮಾರಾಟಕ್ಕೆ ಇಡು', 'ಹರಾಜಿಗೆ ಇಡು' ಎಲ್ಲರ ಬಾಯಲ್ಲೂ ಇರುವಾಗ 'ಪಟ್ಟಿ ಮಾಡು' ಯಾಕೆ ಬೇಕು? ಪಟ್ಟಿ ಮಾಡುವುದು ತಾಣದ ಕೆಲಸ. ಮಾರುವವರು ಸಾಮಾನು ಇಡುತ್ತಾರೆ.

ಇನ್ನು 'ಫೀ'. ನನ್ನ ನಿಜವಾದ ತಕರಾರು ಇರುವುದು ಇಲ್ಲಿ. ಇಂಗ್ಲಿಷಿನಲ್ಲಿ ಎಲ್ಲವೂ ಫೀ, ನಾವೂ ಎಲ್ಲಕ್ಕೂ ಶುಲ್ಕ ಅಂದು ಕೈತೊಳೆದುಕೊಳ್ಳುತ್ತೇವೆ. ಆದರೆ ಇಲ್ಲಿರುವುದು ಎರಡು ಬೇರೆ ಬೇರೆ ಜಾತಿಯ ದುಡ್ಡು. ಒಂದು, ಮಾರಾಟವಾಗಲಿ ಬಿಡಲಿ, ಇಟ್ಟಿದ್ದಕ್ಕೇ ಕೊಡಬೇಕಾದದ್ದು. ಇನ್ನೊಂದು, ಮಾರಾಟವಾದರೆ ಮಾತ್ರ ಬಂದ ಬೆಲೆಯಲ್ಲಿ ಶೇಕಡಾ ಇಷ್ಟು ಅಂತ ಕೊಡಬೇಕಾದದ್ದು. ವ್ಯಾಪಾರಸ್ಥರ ಕನ್ನಡದಲ್ಲಿ ಎರಡನೆಯದು ದಲಾಲಿ, ಇಲ್ಲವೇ ಕಮಿಷನ್. ಮೊದಲನೆಯದು ಜಾಗದ ಬಾಡಿಗೆಯ ಹಾಗೆ. ಅಂಗಡಿ ಹೂಡಿದವರು ನೆಲಬಾಡಿಗೆ ಕೊಡುವುದಿಲ್ಲವೇ, ಹಾಗೆ. ಈ ಲೆಕ್ಕದಲ್ಲಿ ರೀಲಿಸ್ಟಿಂಗ್ ಫೀ ಅಂದರೆ ಎರಡನೇ ಸಲದ ಬಾಡಿಗೆ.

ಇದು ಬರೀ ಪದದ ಚಪಲವಲ್ಲ. 2008ರ ಜನವರಿಯಲ್ಲಿ ಈಬೇ ಒಂದು ದೊಡ್ಡ ಬದಲಾವಣೆ ಪ್ರಕಟಿಸಿತು. 'ಶುಲ್ಕ ಪರಿಷ್ಕರಣೆ' ಅಂತ ಬರೆದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. 'ಬಾಡಿಗೆ ಇಳಿಸಿದರು, ದಲಾಲಿ ಏರಿಸಿದರು' ಅಂದರೆ ಪೂರ್ತಿ ಕಥೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಅಮೆರಿಕದ ತಾಣದಲ್ಲಿ 25 ಡಾಲರ್‌ವರೆಗಿನ ಮಾರಾಟಕ್ಕೆ ಶೇ. 5.25 ಇದ್ದದ್ದು ಶೇ. 8.75 ಆಯಿತು. 20 ಡಾಲರಿನ ಸಾಮಾನಿಗೆ 1 ಡಾಲರ್ 5 ಸೆಂಟ್ ಕೊಡುತ್ತಿದ್ದವರು 1 ಡಾಲರ್ 75 ಸೆಂಟ್ ಕೊಡಬೇಕಾಯಿತು. ಸಾಮಾನು ಬಿಕರಿಯಾಗದೆ ಮತ್ತೆ ಮತ್ತೆ ಇಡುವವರಿಗೆ ಬಾಡಿಗೆ ಇಳಿದದ್ದು ಸ್ವಲ್ಪ ಸಮಾಧಾನ. ಮೊದಲ ಸಲವೇ ಮಾರಿಬಿಡುತ್ತಿದ್ದವರಿಗೆ ಏಟು ಜಾಸ್ತಿ. ಅದೇ ಸಲ, ಕೊಂಡವರ ಬಗ್ಗೆ ಮಾರುವವರು ಕೆಟ್ಟ ಅಭಿಪ್ರಾಯ ಬರೆಯುವ ಹಾಗಿಲ್ಲ ಎಂಬ ನಿಯಮವೂ ಬಂತು. ಫೆಬ್ರವರಿಯಲ್ಲಿ ಒಂದಷ್ಟು ಮಾರಾಟಗಾರರು ಒಂದು ವಾರ ಏನನ್ನೂ ಮಾರಾಟಕ್ಕೆ ಇಡದೆ ಮುಷ್ಕರ ಹೂಡಿದರು.

'ಪರಿಷ್ಕರಣೆ' ಬಗ್ಗೆಯೂ ಒಂದು ಮಾತು. ನಿಘಂಟಿನಲ್ಲಿ ಅದಕ್ಕೆ ತಿದ್ದಿ ಶುದ್ಧಮಾಡುವುದು ಎಂಬ ಅರ್ಥ. 'ದರ ಪರಿಷ್ಕರಣೆ' ಅಂತ ಓದಿದ ಕೂಡಲೇ ನಾವು ಜೇಬು ಮುಟ್ಟಿಕೊಳ್ಳುತ್ತೇವೆ. ದರ ಇಳಿದರೆ ಯಾರೂ ಪರಿಷ್ಕರಣೆ ಅನ್ನುವುದಿಲ್ಲ, 'ಇಳಿಕೆ' ಎಂದೇ ದೊಡ್ಡದಾಗಿ ಹಾಕುತ್ತಾರೆ.

'ಪಾಲಿಸಿ ಚೇಂಜ್' ಇನ್ನೂ ಮಜವಾಗಿದೆ. 'ನೀತಿ ಬದಲಾವಣೆ' ಅಂದರೆ ತಾಣದವರು ನೀತಿಗೆಟ್ಟರು ಅನ್ನಿಸುತ್ತದೆ. (ಮಾರುವವರು ಅದನ್ನು ಒಪ್ಪಬಹುದು, ಅದು ಬೇರೆ ಮಾತು.) ಹಾಗಂತ 'ಪಾಲಿಸಿ' ಎಂದೇ ಬಿಟ್ಟರೆ ಕನ್ನಡದ ಕಣ್ಣಿಗೆ ಅದು ಕ್ರಿಯಾಪದ. 'ಹೊಸ ಪಾಲಿಸಿ ಪಾಲಿಸಿ' ಅಂತ ಒಂದು ಸಾಲು ಬರೆದು ನಾನೇ ಬೆಚ್ಚಿದೆ. 'ನಿಯಮ' ಅಂತ ಹಾಕಿ ಮುಂದೆ ಹೋದೆ.

ಇನ್ನೊಂದು ಸಣ್ಣ ಪದ, 'ಕ್ರೆಡಿಟ್'. ಈಬೇಯಲ್ಲಿ ಒಂದು ಕಾಲಕ್ಕೆ, ಮೊದಲ ಸಲ ಬಿಕರಿಯಾಗದ್ದು ಎರಡನೇ ಸಲ ಬಿಕರಿಯಾದರೆ ಎರಡನೇ ಸಲ ಇಟ್ಟಿದ್ದಕ್ಕೆ ಪಡೆದ ಹಣವನ್ನು ಬಿಟ್ಟುಕೊಡುತ್ತಿದ್ದರು. 'ವಾಪಸ್' ಅಂದರೆ ದುಡ್ಡು ಕೈಗೆ ಬಂದಂತೆ. ಅದು ಖಾತೆಯ ಲೆಕ್ಕದಲ್ಲಿ ಸೇರುತ್ತಿತ್ತು, ಅಷ್ಟೇ. ಹಾಗಾಗಿ 'ಜಮೆ' ಅಂದಿದ್ದೇನೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಅನುಮಾನ ಇರುವುದು 'ಬಾಡಿಗೆ'ಯಲ್ಲಿ. ಬಾಡಿಗೆ ಅಂದರೆ ದಿನದ ಅಥವಾ ತಿಂಗಳ ಲೆಕ್ಕ. ಹರಾಜಿನಲ್ಲಿ ಐದು ದಿನಕ್ಕೆ ಇಟ್ಟರೂ ಏಳು ದಿನಕ್ಕೆ ಇಟ್ಟರೂ ಸಾಮಾನ್ಯವಾಗಿ ಒಂದೇ ದುಡ್ಡು. ಹಾಗಿದ್ದಾಗ ಬಾಡಿಗೆ ಅನ್ನಬಹುದೇ? 'ಇಡುವ ಶುಲ್ಕ', 'ಮತ್ತೆ ಇಡುವ ಶುಲ್ಕ' ಅಂದರೆ ತಪ್ಪಿಲ್ಲ, ಆದರೆ ರುಚಿಯೂ ಇಲ್ಲ. 'ಮರು' ಮತ್ತು 'ಇಡು' ಎರಡನ್ನೂ ಸೇರಿಸಿ ಒಂದೇ ಪದ ಮಾಡಲು ಹೋದೆ. 'ಮರುವಿಡು' ಆಯಿತು. ಯಾರಿಗೂ ತೋರಿಸಲಿಲ್ಲ.

ವ್ಯಾಪಾರದ ಮನೆಯಲ್ಲಿ ಬೆಳೆದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಮಾರಾಟವಾಗಲಿ ಬಿಡಲಿ, ಸಾಮಾನು ಇಟ್ಟಿದ್ದಕ್ಕೇ ಕೊಡುವ ದುಡ್ಡಿಗೆ ನಿಮ್ಮ ಕಡೆ ಬೇರೆ ಹೆಸರಿದೆಯೇ? ಇದ್ದರೆ 'ಬಾಡಿಗೆ'ಯನ್ನು ಈಗಲೇ ತೆಗೆದುಹಾಕುತ್ತೇನೆ. ದಲಾಲಿ ಪದ ತಾತ್ಸಾರದಂತೆ ಕೇಳಿಸುತ್ತದೆಯೇ ಎನ್ನುವುದನ್ನೂ ತಿಳಿಸಿ. ಹಾಗಿದ್ದರೆ ಕಮಿಷನ್ ಎಂದೇ ಬರೆಯುತ್ತೇನೆ.